ಕಂಡಿದೆ

ಆ ಊರಿನ ಹೆಸರು ಮಾತ್ರ ಕೇಳಬೇಡಿ. ಹೇಳಿದರೆ ಅಲ್ಲಿಯವರು ಜಗಳಕ್ಕೆ ಬರುತ್ತಾರೆ, ಹೇಳದಿದ್ದರೆ ನೀವು ನಂಬುವುದಿಲ್ಲ. ಎರಡರಲ್ಲಿ ನೀವು ನಂಬದಿರುವುದೇ ನನಗೆ ವಾಸಿ. ಊರನ್ನು ಸುತ್ತಿಕೊಂಡು ಒಂದು ನದಿ ಇತ್ತು. ಊರಿಗೆ ಒಬ್ಬ ಮಂತ್ರಿ ಇದ್ದ. ಮಂತ್ರಿಗೊಂದು ಕಚೇರಿ, ಕಚೇರಿಯಲ್ಲೊಂದು ಮೇಜು, ಮೇಜಿನ ಮೇಲೊಂದು ಕುಡಿಕೆ, ಕುಡಿಕೆಯಲ್ಲಿ ಹಸಿರು ಶಾಯಿ. ಮಂತ್ರಿ ಇದ್ದಮೇಲೆ ರಾಜ ಇರಬೇಕಲ್ಲ ಎಂದು ನೀವು ಕೇಳಬಹುದು. ಇದ್ದನಂತೆ, ಎಲ್ಲೋ ದೂರದಲ್ಲಿ. ನಮ್ಮ ಕಥೆಗೆ ಅವನು ಬೇಕಾಗಿಲ್ಲ, ಬಿಡಿ.

ಆ ಊರಲ್ಲೊಂದು ಕಟ್ಟಳೆ ಇತ್ತು. ಗೋಡೆ ಬಿರಿಯಲಿ, ಬಾವಿ ಹೂಳಲಿ, ಉಳ್ಳವನು ಇಲ್ಲದವನ ಜಾಗ ಒತ್ತಿಕೊಳ್ಳಲಿ, ಏನೇ ಕೆಟ್ಟರೂ ಅದನ್ನು ಅರ್ಜಿಯಲ್ಲಿ ಬರೆದು ಮಂತ್ರಿಯ ಮುಂದೆ ಇಡಬೇಕು. ಮಂತ್ರಿ ಓದುತ್ತಾನೆ. ಓದಿ, ಅರ್ಜಿಯ ಅಂಚಿನಲ್ಲಿ ಹಸಿರು ಶಾಯಿಯಲ್ಲಿ ಒಂದೇ ಒಂದು ಪದ ಬರೆಯುತ್ತಾನೆ: 'ಕಂಡಿದೆ'. ಬರೆದದ್ದೇ ತಡ, ಆ ಕೆಡುಕು ಊರಿನವರ ಕಣ್ಣಿಂದ ಮಾಯ. ಇಲ್ಲವಾಗುತ್ತಿರಲಿಲ್ಲ, ಸರಿಯಾಗಿ ಕೇಳಿಸಿಕೊಳ್ಳಿ, ಕಾಣದಾಗುತ್ತಿತ್ತು. ಬಿರುಕು ಗೋಡೆಯಲ್ಲೇ ಇರುತ್ತಿತ್ತು, ಆದರೆ ನೋಡುವವರಿಗೆ ಗೋಡೆ ಗಟ್ಟಿ. ಬಿರುಕು ಕಾಣುತ್ತಿದ್ದದ್ದು ಆ ಪದವನ್ನು ಬರೆದವನ ಕಣ್ಣಿಗೆ ಮಾತ್ರ.

ಇದೆಂಥ ಹುಚ್ಚು ಕಟ್ಟಳೆ ಅಂತೀರಾ? ಮಾಡಿದವರು ಹುಚ್ಚರಲ್ಲ ಕಣ್ರೀ. ಬರೆದವನ ಕಣ್ಣಿಗೆ ಅಂಟಿದ ಬಿರುಕು ಅವನನ್ನು ಬಿಡುತ್ತಿರಲಿಲ್ಲ. ಉಣ್ಣಲು ಕೂತರೆ ಎಲೆಯ ಮೇಲೆ ಕಾಣುತ್ತಿತ್ತು, ಮುಖ ತೊಳೆಯಲು ಬಗ್ಗಿದರೆ ನೀರಿನಲ್ಲಿ ಕಾಣುತ್ತಿತ್ತು. ತಡೆಯಲಾರದೆ ಮಂತ್ರಿ ಎದ್ದು, ಗಾರೆಯವರನ್ನು ಕರೆದುಕೊಂಡು ಹೋಗಿ, 'ಇಲ್ಲಿ' ಎಂದು ಬೆರಳು ಮಾಡಿ ತೋರಿಸುತ್ತಿದ್ದ. ಕಂಡವನೂ ಮಂತ್ರಿಯೂ ಒಬ್ಬನೇ ಆಗಿದ್ದು, ಅವನು ಬೆರಳು ಮಾಡಿದರೆ ಮಾತ್ರ ಗಾರೆಯವರಿಗೂ ಅದು ಕಾಣುತ್ತಿತ್ತು. ಅವರು ಮುಚ್ಚುತ್ತಿದ್ದರು, ಮಂತ್ರಿಯ ಕಣ್ಣು ಹಗುರಾಗುತ್ತಿತ್ತು. ಹಾಗಾಗಿ ಆ ಊರಿನ ಮಂತ್ರಿಗಳೆಲ್ಲ ಸಣಕಲು, ಊರು ಮಾತ್ರ ಭದ್ರ.

ಈ ಮಂತ್ರಿಗೆ ಒಬ್ಬ ಆಪ್ತ ಕಾರ್ಯದರ್ಶಿ ಇದ್ದ. ಅಷ್ಟುದ್ದ ಕರೆಯಲು ಯಾರಿಗೆ ಪುರುಸೊತ್ತು? ಊರೆಲ್ಲ ಅವನನ್ನು 'ಆಪ್ತ' ಎನ್ನುತ್ತಿತ್ತು. ಕೆಲಸದಲ್ಲಿ ಅವನನ್ನು ಮೀರಿಸಿದವರಿಲ್ಲ. ಬೆಳಿಗ್ಗೆ ಮಂತ್ರಿ ಬರುವ ಹೊತ್ತಿಗೆ ಕಡತಗಳು ಮೂರು ಕಟ್ಟಾಗಿ ಕೂತಿರುತ್ತಿದ್ದವು. ಕೆಂಪು ದಾರದ್ದು ಈಗಲೇ, ಬಿಳಿ ದಾರದ್ದು ಊಟಕ್ಕೆ ಮುಂಚೆ, ಹಳದಿ ದಾರದ್ದು ಕೇಳಿದರೆ ಮಾತ್ರ. ಹತ್ತು ಹಾಳೆಯ ಗೋಳನ್ನು ಅವನು ಮೂರು ಸಾಲಿನ ಟಿಪ್ಪಣಿ ಮಾಡುತ್ತಿದ್ದ, ಒಂದು ಹನಿ ಕಣ್ಣೀರೂ ಹಾಳೆಗೆ ತಾಗುತ್ತಿರಲಿಲ್ಲ. ಯಾರಾದರೂ ಬಾಗಿಲಲ್ಲಿ ನಿಂತರೆ ಮಂತ್ರಿಯ ಕಿವಿಯಲ್ಲಿ, 'ಇವರ ಮಗಳಿಗೆ ಹೋದವಾರ ಹೆರಿಗೆಯಾಯ್ತು, ಗಂಡು' ಎನ್ನುತ್ತಿದ್ದ. ಮಂತ್ರಿ, 'ಏನಮ್ಮಾ, ಮೊಮ್ಮಗ ಹೇಗಿದಾನೆ?' ಎಂದು ಕೇಳುತ್ತಿದ್ದ. ಬಂದವಳು ಬಂದ ಕೆಲಸವನ್ನೇ ಮರೆತು ಕೈಮುಗಿಯುತ್ತಿದ್ದಳು.

ಆಪ್ತನಿಗೆ ಮಂತ್ರಿಯ ಮೇಲೆ ಪ್ರಾಣ. ಮಂತ್ರಿ ಒಳ್ಳೆಯವನೇ. ಒಳ್ಳೆಯವನಾದ್ದರಿಂದಲೇ ಸೊರಗಿ ಕಡ್ಡಿಯಾಗಿದ್ದ. ತಟ್ಟೆ ಮುಂದಿಟ್ಟರೆ ಕೈ ಹಾಕದೆ ಕೂರುತ್ತಿದ್ದ.

'ಅನ್ನದ ಮೇಲೆ ಆ ಅನಾಥಾಲಯದ ಗೋಡೆ ಕಾಣ್ತದಪ್ಪಾ. ಹೇಗೆ ತುತ್ತಿಡಲಿ?' ಎನ್ನುತ್ತಿದ್ದ.

'ಒಂದು ತುತ್ತು, ಸ್ವಾಮಿ. ನನಗೋಸ್ಕರ' ಎಂದು ಆಪ್ತ ಗೋಗರೆಯುತ್ತಿದ್ದ. ತಾಯಿಗಿಂತ ಹೆಚ್ಚಾಗಿ ಗೋಗರೆಯುತ್ತಿದ್ದ.

ಒಂದು ದಿನ ಮಂತ್ರಿಗೆ ಜ್ವರ ಏರಿತು. ಮೇಜಿನ ಮೇಲೆ ಮೂವತ್ತೇಳು ಅರ್ಜಿ. ಆಪ್ತ ಹಣೆಗೆ ಒದ್ದೆ ಬಟ್ಟೆ ಹಾಕುತ್ತ, ಒಂದೊಂದೇ ಅರ್ಜಿಯನ್ನು ಮೂರು ಸಾಲಿನಲ್ಲಿ ಓದಿ ಹೇಳುತ್ತಿದ್ದ. ನಾಲ್ಕನೆಯದಕ್ಕೆ ಮಂತ್ರಿಯ ಕೈಯಿಂದ ಲೇಖನಿ ಜಾರಿತು.

'ನೀನೇ ಬರೆದುಬಿಡು ಮಾರಾಯ' ಎಂದ ಮಂತ್ರಿ ಕಣ್ಣು ಮುಚ್ಚಿ. 'ನನ್ನ ಅಕ್ಷರ ನನಗಿಂತ ಚೆನ್ನಾಗಿ ನಿನಗೇ ಬರ್ತದೆ.'

ನಿಜವೇ. ಹತ್ತು ವರ್ಷ ನೋಡಿ ನೋಡಿ ಆ ಅಕ್ಷರ ಆಪ್ತನಿಗೆ ಕರಗತವಾಗಿತ್ತು. 'ಕ'ದ ತಲೆಕಟ್ಟು ಎಡಕ್ಕೆ ವಾಲುವುದು, ಸೊನ್ನೆಯನ್ನು ಪೂರ್ತಿ ಮುಚ್ಚದೆ ಬಿಡುವುದು, 'ದೆ' ಬರುವ ಹೊತ್ತಿಗೆ ಕೈ ದಣಿದು ಸಾಲು ಕೆಳಗಿಳಿಯುವುದು. ಅವನು ಲೇಖನಿಯನ್ನು ಹಸಿರಿನಲ್ಲಿ ಅದ್ದಿದ. ಬರೆದ: ಕಂಡಿದೆ. ಮುಂದಿನದಕ್ಕೆ ಬರೆದ: ಕಂಡಿದೆ. ಮೂವತ್ತನಾಲ್ಕು ಸಲ ಬರೆದ. ಜ್ವರ ಇಳಿದ ಮೇಲೆ ಮಂತ್ರಿ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡ. ಆಪ್ತನಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಮನೆಗೆ ಹೊರಟಾಗ ದಾರಿಯಲ್ಲಿ ಒಂದು ದೀಪದ ಕಂಬ ವಾಲಿ ನಿಂತಿದ್ದು ಕಂಡಿತು. 'ಕಂಬ ಬೀಳೋ ಹಾಗಿದೆಯಲ್ಲ' ಎಂದ ಪಕ್ಕದಲ್ಲಿದ್ದವನಿಗೆ. ಅವನು ಕಂಬವನ್ನು ನೋಡಿ, ಆಪ್ತನನ್ನು ನೋಡಿ, 'ನೆಟ್ಟಗಿದೆಯಲ್ಲ ಸ್ವಾಮಿ. ಕೆಲಸ ಜಾಸ್ತಿಯಾಯ್ತು ನಿಮಗೆ, ಮನೆಗೆ ಹೋಗಿ ಮಲಗಿ' ಎಂದ. ಆಪ್ತನಿಗೆ ಆಗ ಅರ್ಥವಾಯಿತು. ಕಟ್ಟಳೆಯಲ್ಲಿ ಬರೆದವನಿಗೆ ಕಾಣುತ್ತದೆ ಎಂದಿತ್ತೇ ಹೊರತು ಮಂತ್ರಿಗೆ ಕಾಣುತ್ತದೆ ಎಂದಿರಲಿಲ್ಲ. ಮಂತ್ರಿಯಲ್ಲದವನು ಬರೆದಾನು ಎಂದು ಮಾಡಿದವರಿಗೆ ಹೊಳೆದೇ ಇರಲಿಲ್ಲ.

ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಮಂತ್ರಿಯ ಭಾರ ನಾನು ಹೊರುತ್ತಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡ. ಅದರಲ್ಲಿ ಪ್ರೀತಿ ಇರಲಿಲ್ಲ ಎಂದು ನಾನು ಹೇಳಲಾರೆ. ಜಂಭವೂ ಇತ್ತು: ಊರಿಗೆ ಊರೇ ಕಾಣದ್ದು ತನ್ನೊಬ್ಬನಿಗೆ ಕಾಣುತ್ತದೆ ಎಂಬುದು ಸಣ್ಣ ಜಂಭವಲ್ಲ. ಮರುದಿನವೂ ಬರೆದ, ಅದರ ಮರುದಿನವೂ ಬರೆದ. ಮಂತ್ರಿ ಕೇಳುವುದನ್ನು ಬಿಟ್ಟ. ಹನ್ನೆರಡು ವರ್ಷ ಹಸಿರು ಶಾಯಿ ಮಂತ್ರಿಯ ಬೆರಳಿಗೆ ತಾಗಲಿಲ್ಲ.

ಆ ಹನ್ನೆರಡು ವರ್ಷ ಊರು ಹಿಗ್ಗಿತು. ಅರ್ಜಿ ಕೊಟ್ಟ ದಿನವೇ 'ಕಂಡಿದೆ'! ಮೇಜಿನ ಮೇಲೆ ಒಂದು ಕಡತ ಬಾಕಿ ಇಲ್ಲ. ಎಲ್ಲಿ ನೋಡಿದರೂ ಗೋಡೆ ಗಟ್ಟಿ, ಕಂಬ ನೆಟ್ಟಗೆ. ಇಂಥ ಮಂತ್ರಿ ಹಿಂದೆ ಆಗಿಲ್ಲ, ಮುಂದೆ ಆಗುವುದಿಲ್ಲ ಎಂದು ಜನ ಹಾಡಿ ಹೊಗಳಿದರು. ಮಂತ್ರಿಯ ಕೆನ್ನೆ ತುಂಬಿಕೊಂಡಿತು. ಒಮ್ಮೊಮ್ಮೆ ಆಪ್ತ ಮೆಲ್ಲಗೆ ನೆನಪಿಸುತ್ತಿದ್ದ.

'ಸ್ವಾಮಿ, ಆ ಕಂಬ...'

'ಯಾವ ಕಂಬ?'

'ವಾಲಿದೆಯಲ್ಲ...'

ಮಂತ್ರಿ ಕಿಟಕಿಯಿಂದ ನೋಡುತ್ತಿದ್ದ. 'ನೆಟ್ಟಗೇ ಇದೆಯಲ್ಲೋ! ನಿನಗೆ ರಜಾ ಬೇಕೇನೋ?'

ಅವನದು ಸುಳ್ಳಲ್ಲ, ಪಾಪ. ಅವನಿಗೂ ಕಾಣುತ್ತಿರಲಿಲ್ಲ. ಕಾಣುವವನಿಗೆ ಅಧಿಕಾರವಿಲ್ಲ, ಅಧಿಕಾರವಿದ್ದವನಿಗೆ ಕಾಣುವುದಿಲ್ಲ. ಇದು ಆಪ್ತನಿಗೆ ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದೂ ಸುಮ್ಮನಿದ್ದ. ಕಂಬ ಬಿದ್ದ ದಿನ ಯಾರೂ ಅದರ ಕೆಳಗೆ ಇರಲಿಲ್ಲ. 'ಗಾಳಿ' ಎಂದರು ಜನ. 'ಹೌದು, ಗಾಳಿ' ಎಂದ ಆಪ್ತನೂ.

ಹೀಗಿರುವಾಗ ಹರಿಗೋಲಿನವಳು ಬಂದಳು. ನದಿಯ ಆಚೆ ಈಚೆ ಜನರನ್ನು ದಾಟಿಸುವವಳು. ತೋಳು ಹುರಿಯಾಗಿದ್ದವು, ಮಾತು ಜೋರು. ಅರ್ಜಿಯನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಬಂದಿದ್ದಳು.

'ನೀರಿಗೆ ಇಳಿಯೋ ಮೆಟ್ಟಿಲು ಗೊತ್ತಲ್ಲ ಸ್ವಾಮಿ, ಅದರ ಒಂಬತ್ತನೇದು. ನಡುವಿನ ಚಪ್ಪಡಿ ಕಳಚಿ ಹೋಗ್ಯದೆ. ಕೆಳಗೆ ಮಡು. ಈಗೇನೋ ಎಲ್ಲಾ ನೋಡ್ಕಂಡು ಪಕ್ಕದಲ್ಲಿ ಕಾಲಿಟ್ಟು ಇಳೀತಾರೆ. ನನ್ನ ತಂಗಿ ದಿನಕ್ಕೆ ನಾಕು ಸಲ ಕೊಡ ಹೊತ್ಕಂಡು ಇಳೀತಾಳೆ, ನಂಗೆ ಜೀವ ಹೋಗಿ ಬತ್ತದೆ.'

'ಇವತ್ತೇ ಆಗುತ್ತಮ್ಮ' ಎಂದ ಆಪ್ತ. ಕೂರಿಸಿ ಮಜ್ಜಿಗೆ ಕೊಡಿಸಿದ. ತಂಗಿಯ ಕ್ಷೇಮ ಕೇಳಿದ. ಒಳಗೆ ಹೋಗಿ ಹಸಿರಿನಲ್ಲಿ ಬರೆದ: ಕಂಡಿದೆ. ಅಂದು ಅದು ಹನ್ನೊಂದನೆಯದು. ಕೈ ತಾನಾಗಿ ಬರೆಯಿತು.

ನಾನು ಏನು ಹೇಳಹೊರಟಿದ್ದೇನೆ ಎಂದು ನಿಮಗೆ ಆಗಲೇ ಗೊತ್ತಾಗಿದೆ. ಅಲ್ಲಿಯವರೆಗೆ ಗುಂಡಿ ಎಲ್ಲರಿಗೂ ಕಾಣುತ್ತಿತ್ತು, ಎಲ್ಲರೂ ಬದಿಗೆ ಹೆಜ್ಜೆ ಇಡುತ್ತಿದ್ದರು. ಆ ಪದ ಬಿದ್ದ ಮೇಲೆ ಅವರಿಗೆ ಕಂಡದ್ದು ನುಣ್ಣನೆಯ ಹೊಸ ಚಪ್ಪಡಿ. 'ನೋಡಿ, ಹೇಗೆ ಮಾಡಿಸಿಕೊಟ್ರು!' ಎಂದು ಹರಿಗೋಲಿನವಳು ಸಿಕ್ಕಿದವರಿಗೆಲ್ಲ ಹೇಳಿಕೊಂಡು ಬಂದಳು. ಅದೃಷ್ಟಕ್ಕೆ ಎರಡು ದಿನ ಅಭ್ಯಾಸಬಲ ಕಾಲುಗಳನ್ನು ಬದಿಗೇ ಒಯ್ದಿತು. ಮೂರನೆಯ ದಿನ ಬೆಳಿಗ್ಗೆ ಆಪ್ತ ಕಂಕುಳಲ್ಲಿ ಕಡತ ಇಟ್ಟುಕೊಂಡು ಅದೇ ಮೆಟ್ಟಿಲ ತಲೆಯಲ್ಲಿ ಬರುತ್ತಿದ್ದ. ಕೆಳಗೆ ತಂಗಿ ಇಳಿಯುತ್ತಿದ್ದಳು, ಸೊಂಟದಲ್ಲಿ ಕೊಡ, ಬಾಯಲ್ಲಿ ಏನೋ ಗುನುಗು. ಏಳನೆಯ ಮೆಟ್ಟಿಲು. ಗುಂಡಿ ಅವನಿಗೆ ಹಗಲಿನಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ಎಂಟನೆಯ ಮೆಟ್ಟಿಲು. ಅವನು ಬಾಯಿ ತೆರೆದ.

ಕೂಗಿದರೆ, 'ನಿನಗೆ ಹೇಗೆ ಕಾಣಿಸಿತು?' ಎಂದು ಊರು ಕೇಳುತ್ತದೆ. ಆ ಪದ ಬರೆದವನು ಯಾರು ಎಂದು ಕೇಳುತ್ತದೆ. ಹನ್ನೆರಡು ವರ್ಷದ್ದನ್ನೆಲ್ಲ ಕೇಳುತ್ತದೆ. ಇಷ್ಟು ಯೋಚಿಸಲು ಒಂದು ಉಸಿರಿನ ಹೊತ್ತು ಹಿಡಿಯಿತು. ಕೊಡ ಕಲ್ಲಿಗೆ ಬಡಿದ ಸದ್ದಾಯಿತು, ಆಮೇಲೆ ನೀರಿನ ಸದ್ದು, ಆಮೇಲೆ ಏನೂ ಇಲ್ಲ. ಕೊಡ ತೇಲಿಕೊಂಡು ಹೋಯಿತು. ಅವಳು ಸಿಕ್ಕಿದ್ದು ಎರಡು ದಿನದ ಮೇಲೆ, ಕೆಳಗಿನ ತಿರುವಿನಲ್ಲಿ.

ಹನ್ನೊಂದನೆಯ ದಿನ ಆಪ್ತ ಹರಿಗೋಲಿನವಳ ಗುಡಿಸಲಿಗೆ ಹೋದ. ಎಲ್ಲವನ್ನೂ ಹೇಳಿಬಿಡಬೇಕು ಎಂದೇ ಹೋದ. ಅವಳು ಚಾಪೆ ಹಾಸಿದಳು. ಅವನು ಬಾಯಿ ಬಿಡುವ ಮೊದಲೇ ಅವಳು ಶುರುಮಾಡಿದಳು.

'ಮೆಟ್ಟಿಲದ್ದೇನೂ ತಪ್ಪಿಲ್ಲ ಸ್ವಾಮಿ. ನಾನೇ ಅರ್ಜಿ ಕೊಟ್ಟು ಮಾಡಿಸಿದ್ದಲ್ಲವಾ? ನೀವು ಎಂಥಾ ಪುಣ್ಯಾತ್ಮರು, ಅವತ್ತೇ ಮಾಡ್ಸಿಕೊಟ್ರಿ. ತಪ್ಪೆಲ್ಲಾ ನಂದೇ. ಅವತ್ತು ಅವಳಿಗೆ ಮೈ ಹುಷಾರಿರಲಿಲ್ಲ, ಇವತ್ತು ನೀರಿಗೆ ಹೋಗಲ್ಲ ಕಣಕ್ಕ ಅಂದಳು. ಸೋಮಾರಿ, ಎದ್ದೋಗು ಅಂತ ಬೈದು ಕಳಿಸಿದೆ. ತಲೆಸುತ್ತಿ ಬಿದ್ದಿರಬೇಕು.' ಅವಳು ತನ್ನ ಬಾಯಿಗೆ ತಾನೇ ಹೊಡೆದುಕೊಂಡಳು. 'ಈ ಬಾಯಿ ಸ್ವಾಮಿ, ಈ ಬಾಯಿ ಕೊಂದದ್ದು ಅವಳನ್ನ.'

ಹೇಳಬೇಕಿತ್ತು. ಆಗಲೇ ಹೇಳಬೇಕಿತ್ತು. ಪುಣ್ಯಾತ್ಮ ಎಂದವಳಿಗೆ ಕೈಮುಗಿದು, ಎದ್ದು ಬಂದ. ದಾರಿಯುದ್ದಕ್ಕೂ ಅವಳು ಬಾಯಿಗೆ ಹೊಡೆದುಕೊಂಡ ಸದ್ದು ಕೇಳುತ್ತಲೇ ಇತ್ತು. ತನ್ನ ಪಾಪವನ್ನು ಅವಳ ತಲೆಗೆ ಕಟ್ಟಿ ಬಂದಿದ್ದೇನೆ ಎಂದು ಅವನಿಗೆ ಗೊತ್ತಿತ್ತು.

ಅಂದಿನಿಂದ ಅವನಿಗೆ ಎರಡೇ ಹಂಬಲ. ಗುಂಡಿ ಮುಚ್ಚಬೇಕು. ತಪ್ಪು ಯಾರದೆಂದು ಅವಳಿಗೆ ಗೊತ್ತಾಗಬೇಕು.

ಒಂದು ಹಲಗೆ ತಂದು ಗುಂಡಿಯ ಮೇಲೆ ಹಾಕಿದ. 'ಒಳ್ಳೇ ಮೆಟ್ಟಿಲ ಮೇಲೆ ಯಾವನೋ ಹಲಗೆ ಎಸೆದು ಹೋಗಿದಾನೆ' ಎಂದು ಯಾರೋ ಎತ್ತಿಕೊಂಡು ಹೋಗಿ ದನದ ಕೊಟ್ಟಿಗೆಗೆ ಬಾಗಿಲು ಮಾಡಿಕೊಂಡರು. ಇನ್ನೊಂದು ತಂದು ಹಾಕಿದ. ಅದು ಒಲೆಗೆ ಹೋಯಿತು. 'ಇಲ್ಲಿ ಗುಂಡಿ ಇದೆ' ಎಂದು ಜನರಿಗೆ ಹೇಳಿದ. ಎಲ್ಲಿ ಎಲ್ಲಿ ಎಂದು ಬಗ್ಗಿ ನೋಡಿ, ನಕ್ಕು, ಬೆನ್ನು ತಟ್ಟಿ ಹೋದರು. ದೊಡ್ಡ ಕೆಲಸದಲ್ಲಿರುವವರು ಹೀಗೆ ತಮಾಷೆ ಮಾಡಿದರೆ ಜನಕ್ಕೆ ಖುಷಿ.

ಕೊನೆಗೆ ಮಂತ್ರಿಯನ್ನೇ ಕರೆದುಕೊಂಡು ಬಂದ. ಗಾರೆಯವರು ಸುಣ್ಣ, ಮರಳು, ಚಪ್ಪಡಿ ಹೊತ್ತು ಹಿಂದೆ ಬಂದರು. 'ಸ್ವಾಮಿ, ಇಲ್ಲಿ ಬೆರಳು ಮಾಡಿ' ಎಂದ ಆಪ್ತ. 'ಎಲ್ಲಿ?' 'ಇಲ್ಲಿ.' ಮಂತ್ರಿಯ ಬೆರಳನ್ನು ತಾನೇ ಹಿಡಿದು ಗುಂಡಿಯ ಕಡೆ ತಿರುಗಿಸಿದ. ಮಂತ್ರಿ, ಮನಸ್ಸು ಒಳ್ಳೆಯದು, ಹಿಡಿದ ಕಡೆ ಬೆರಳು ಇಟ್ಟುಕೊಂಡೇ ನಿಂತ. ಗಾರೆಯವರು ನೋಡಿದರು. ಅವರಲ್ಲಿ ಹಿರಿಯ ತಲೆ ಕೆರೆದುಕೊಂಡ.

'ಬೆರಳು ಮಂತ್ರಿಗಳದ್ದೇ ಬುದ್ಧೀ, ಆದರೆ ಅವರು ನೋಡ್ತಾ ಇಲ್ಲವಲ್ಲ. ನಮಗೆ ಚಪ್ಪಡಿಯೇ ಕಾಣ್ತದೆ. ಇರೋ ಚಪ್ಪಡಿ ಮೇಲೆ ಇನ್ನೊಂದು ಹಾಕಿದ್ರೆ ಜನ ಎಡವ್ತಾರೆ.'

ಅವರು ಹೊತ್ತದ್ದನ್ನು ಮತ್ತೆ ಹೊತ್ತುಕೊಂಡು ಹೋದರು. ಹಳೆಯ ಅರ್ಜಿಯನ್ನು ಮತ್ತೆ ಮಂತ್ರಿಯ ಮುಂದಿಟ್ಟರೆ ಹಾಳೆ ಅವನಿಗೆ ಖಾಲಿ. ಒಮ್ಮೆ ಕಂಡದ್ದನ್ನು ಎರಡನೆಯ ಸಲ ಕಾಣಿಸುವ ದಾರಿ ಆ ಊರಿನಲ್ಲಿ ಇರಲಿಲ್ಲ.

ಆದರೆ ಒಂದು ಸಂಗತಿ ಇನ್ನೂ ಯಾವ ಕಡತಕ್ಕೂ ಬಂದಿರಲಿಲ್ಲ. ಅವನದೇ ತಪ್ಪು. ಅದನ್ನು ಬರೆದು, ಜನ ನೆರೆಯುವ ಅರ್ಜಿಯ ದಿನ ಮಂತ್ರಿಯ ಮುಂದಿಟ್ಟರೆ, ಮಂತ್ರಿ ಎಲ್ಲರೆದುರು ಓದಿದರೆ, ಊರಿಗೆ ತಿಳಿಯುತ್ತದೆ. ಹರಿಗೋಲಿನವಳಿಗೆ ತಿಳಿಯುತ್ತದೆ. ಅವಳು ಬಂದು ಕೊರಳಪಟ್ಟಿ ಹಿಡಿಯುತ್ತಾಳೆ. ಹಿಡಿಯಲಿ! ಆ ಕೈಗಾಗಿ ಅವನು ಹಸಿದು ಕೂತಿದ್ದ.

ಊಟದ ಹೊತ್ತು ಕಚೇರಿ ಖಾಲಿಯಾದಾಗ ಬರೆಯಲು ಕೂತ. ಮೂರೇ ಸಾಲು, ಅವನಿಗೆ ನೀರು ಕುಡಿದಷ್ಟು ಸಲೀಸು. ಬರೆದ: 'ಮೆಟ್ಟಿಲಿನ ಚಪ್ಪಡಿ ಕಳಚಿದ್ದ ಕಾರಣ ಅವಘಡ ಸಂಭವಿಸಿರುತ್ತದೆ.' ಓದಿ ನೋಡಿದ. ಇದರಲ್ಲಿ ಅಪರಾಧಿ ಚಪ್ಪಡಿ. ಹರಿದು ಹಾಕಿದ. ಮತ್ತೆ ಬರೆದ: 'ಸಕಾಲದಲ್ಲಿ ಎಚ್ಚರಿಕೆ ನೀಡಲಾಗಿರುವುದಿಲ್ಲ.' ಯಾರು ನೀಡಲಿಲ್ಲ? ಸಾಲಿನಲ್ಲಿ ಮನುಷ್ಯನೇ ಇಲ್ಲ. ಹರಿದ. ಬಾಳೆಲ್ಲ ಅವನು ಬರೆದದ್ದು ಹೀಗೆಯೇ: ಪರಿಶೀಲಿಸಲಾಗಿದೆ, ಗಮನಿಸಲಾಗಿದೆ, ವಿಷಾದಿಸಲಾಗಿದೆ. ಮಾಡಿದವನು ಯಾರೆಂದು ಹೇಳದೆ ಮಾಡಿದ್ದನ್ನು ಹೇಳುವ ಕನ್ನಡ ಅದೊಂದೇ ಅವನ ಕೈಗೆ ಬರುತ್ತಿತ್ತು. ಹಲ್ಲು ಕಚ್ಚಿ 'ನಾನು' ಎಂದು ಬರೆದ. 'ನಾನು ಮೇಲೆ ನಿಂತಿದ್ದೆ. ನನಗೆ ಗುಂಡಿ ಕಾಣುತ್ತಿತ್ತು. ಕೂಗಲಾಗಲಿಲ್ಲ.'

ಲೇಖನಿ ಕೆಳಗಿಟ್ಟು ಆ ಕೊನೆಯ ಪದವನ್ನೇ ನೋಡುತ್ತ ಕೂತ. ಕೂಗಲಾಗಲಿಲ್ಲ. ಆಗಲಿಲ್ಲವೇ? ಗಂಟಲು ಕಟ್ಟಿತ್ತೇ? ಯಾರಾದರೂ ಬಾಯಿ ಹಿಡಿದಿದ್ದರೇ? ಅಷ್ಟು ಚಿಕ್ಕ ಪದದ ಹೊಟ್ಟೆಯೊಳಗೂ ಅವನು ಅಡಗಿ ಕೂತಿದ್ದ. ಥೂ, ನನ್ನ ಜನ್ಮಕ್ಕಿಷ್ಟು ಎಂದುಕೊಂಡ. ನಡುವಿನ 'ಲಾಗ'ವನ್ನು ಹೊಡೆದು ಹಾಕಿದ. ಹೊಸ ಹಾಳೆ ತೆಗೆದು ಮೊದಲಿಂದ ಬರೆದ: 'ಹನ್ನೆರಡು ವರ್ಷ ಮಂತ್ರಿಗಳ ಅಕ್ಷರದಲ್ಲಿ ಕಂಡಿದೆ ಎಂದು ನಾನು ಬರೆದೆ. ಹರಿಗೋಲಿನವಳ ತಂಗಿ ಗುಂಡಿಗೆ ಕಾಲಿಡುವುದನ್ನು ನಾನು ನೋಡಿದೆ. ಕೂಗಲಿಲ್ಲ.' ಬರೆದು ಮುಗಿಸಿ, ಮೇಜಿನ ಮೇಲೆ ತಲೆಯಿಟ್ಟು ಅತ್ತ. ಅಳುವಾಗಲೂ ಹಾಳೆ ಒದ್ದೆಯಾಗದಂತೆ ಪಕ್ಕಕ್ಕೆ ಸರಿಸಿದ್ದ, ಅಭ್ಯಾಸ ನೋಡಿ.

ಅರ್ಜಿಯ ದಿನ ಬಂತು. ಅಂಗಳ ತುಂಬ ಜನ. ಹರಿಗೋಲಿನವಳೂ ಬಂದಿದ್ದಳು, ಅವಳೇ ಬರಲಿ ಎಂದು ಆಪ್ತ ಹೇಳಿ ಕಳಿಸಿದ್ದ. ಕೆಂಪು ದಾರದ ಕಟ್ಟಿನಲ್ಲಿ ಒಂದೇ ಕಡತ ಇತ್ತು.

'ಇದನ್ನು ತಾವೇ ಓದಬೇಕು ಸ್ವಾಮಿ. ಗಟ್ಟಿಯಾಗಿ' ಎಂದ ಆಪ್ತ.

ಮಂತ್ರಿ ಬಿಚ್ಚಿದ. ಗಟ್ಟಿಯಾಗಿ ಓದಲಿಲ್ಲ, ಮೊದಲು ಕಣ್ಣಲ್ಲೇ ಓದಿಕೊಂಡ. ಮುಖದ ಬಣ್ಣ ಇಳಿಯಿತು. ಆಪ್ತನನ್ನು ನೋಡಿದ, ಜನರನ್ನು ನೋಡಿದ, ಮತ್ತೆ ಆಪ್ತನನ್ನು ನೋಡಿದ.

'ಏನೋ ಇದು?' ಎಂದ ಪಿಸುದನಿಯಲ್ಲಿ. 'ಹೊರಗೆ ಬಿದ್ದರೆ ನಿನ್ನನ್ನ ಬಗೆದು ಹಾಕ್ತಾರೆ.'

'ಹಾಕಲಿ ಸ್ವಾಮಿ. ಓದಿ.'

'ನೀನಿಲ್ಲದೆ ನಾನು ಏನು ಮಾಡಲೋ?' ಮಂತ್ರಿಯ ಕಣ್ಣಲ್ಲಿ ನೀರಾಡಿತು. 'ನನಗೋಸ್ಕರ ಎಷ್ಟು ಹೊತ್ತೆಯೋ! ಒಂದು, ಒಂದಾದರೂ ನಾನು ನಿನಗೋಸ್ಕರ ಹೊರಬೇಡವೇ?'

ಅವನ ಕೈ ಕುಡಿಕೆಯ ಕಡೆ ಹೋಯಿತು. ಏನು ಮಾಡಹೊರಟಿದ್ದಾನೆಂದು ಆಪ್ತನಿಗೆ ಅರ್ಥವಾಗುವ ಹೊತ್ತಿಗೆ ಲೇಖನಿ ಹಸಿರಿನಲ್ಲಿ ಅದ್ದಿ ಎದ್ದಿತ್ತು. 'ಬೇಡ ಸ್ವಾಮಿ! ನಿಮ್ಮ ಕಾಲಿಗೆ ಬೀಳ್ತೇನೆ, ಬೇಡ!' ಈ ಸಲ ಆಪ್ತ ಕೂಗಿದ. ಅಂಗಳಕ್ಕೆಲ್ಲ ಕೇಳುವಂತೆ ಕೂಗಿದ. ಹನ್ನೆರಡು ವರ್ಷದ ಮೇಲೆ ಲೇಖನಿ ಹಿಡಿದ ಮಂತ್ರಿ, ಅಕ್ಷರ ಕಲಿಯುವವನಂತೆ ನಾಲಗೆಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು, ನಿಧಾನವಾಗಿ, ತನ್ನ ಸ್ವಂತ ಕೈಯಿಂದ, ಪ್ರೀತಿಯಿಂದ ಬರೆದ: ಕಂಡಿದೆ.

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಏನೋ ಕೂಗಿದ ಹಾಗಾಯಿತಲ್ಲ ಎಂಬಂತೆ. ಆಮೇಲೆ ಎಲ್ಲರೂ ಆಪ್ತನ ಕಡೆ ತಿರುಗಿ ಕೈಮುಗಿದರು. ಎಂದಿಗಿಂತ ಹೆಚ್ಚು ಪ್ರೀತಿಯಿಂದ ಮುಗಿದರು.

ಅವನು ಕಚೇರಿಯ ಮೆಟ್ಟಿಲಿಳಿದು ನೇರವಾಗಿ ಹರಿಗೋಲಿನವಳ ಮುಂದೆ ಹೋಗಿ ನಿಂತ. 'ನಿನ್ನ ತಂಗಿಯನ್ನು ಕೊಂದವನು ನಾನು. ನೋಡುತ್ತಾ ನಿಂತಿದ್ದೆ. ಕೂಗಬಹುದಿತ್ತು, ಕೂಗಲಿಲ್ಲ. ತಪ್ಪು ನಿನ್ನದಲ್ಲ ತಾಯಿ, ನನ್ನದು.'

'ಹೂಂ ಸ್ವಾಮಿ' ಎಂದಳು ಅವಳು. 'ಈಚೆಗೆ ಗಾಳಿ ಜಾಸ್ತಿ. ಹರಿಗೋಲು ತಿರುಗಿಸೋದೇ ಕಷ್ಟ.'

'ಅದಲ್ಲಮ್ಮ. ನಾನು ಕೊಂದೆ. ನಾನು!'

'ಊಟ ಆಯ್ತಾ ನಿಮ್ದು? ಮುಖ ಬಾಡಿದೆಯಲ್ಲ.' ಅವಳು ಅವನ ಮುಖವನ್ನು ಕಕ್ಕುಲಾತಿಯಿಂದ ನೋಡಿದಳು. ಆ ಮುಖದಲ್ಲಿ ಏನೂ ಅವಳಿಗೆ ಕಾಣಲಿಲ್ಲ. ಅವಳು ತನ್ನ ಬಾಯಿಗೆ ತಾನೇ ಹೊಡೆದುಕೊಂಡು ತುಟಿ ಒಡೆದುಕೊಂಡಿದ್ದ ಗಾಯ ಅವನಿಗೆ ಚೆನ್ನಾಗಿ ಕಾಣುತ್ತಿತ್ತು.

ಆಪ್ತನ ತಪ್ಪು ಕಂಡದ್ದು ಇನ್ನೊಬ್ಬನಿಗೆ. ಮಂತ್ರಿ ಅಂದು ತಟ್ಟೆಯ ಮುಂದೆ ಕೂತವನು ತುತ್ತೆತ್ತಲಾರದೆ ಎದ್ದ. ಆಪ್ತ ಎದುರಿಗೆ ಬಂದರೆ ಮುಖ ತಿರುಗಿಸಿದ. ನಾಲ್ಕು ದಿನ ತಡೆದುಕೊಂಡು, ಐದನೆಯ ದಿನ ಗೋಡೆಯ ಕಡೆ ಮುಖ ಮಾಡಿ, 'ನಿನ್ನ ದಮ್ಮಯ್ಯ, ನನ್ನ ಕಣ್ಣಿಗೆ ಬೀಳಬೇಡಪ್ಪ. ನಿನ್ನನ್ನ ನೋಡಿದರೆ ಆ ಹುಡುಗಿ ಬೀಳ್ತಾಳೆ. ನೋಡಿದಷ್ಟು ಸಲ ಬೀಳ್ತಾಳೆ' ಎಂದ. ಬೆರಳು ಮಾಡಿ ತೋರಿಸೋಣವೆಂದರೆ, ಅವನಿಗೆ ಕಾಣುತ್ತಿದ್ದದ್ದು ಒಬ್ಬ ಮನುಷ್ಯನ ತಪ್ಪು. ಅದಕ್ಕೆ ಯಾವ ಗಾರೆಯವನನ್ನು ಕರೆಯುತ್ತೀರಿ?

ಆಪ್ತ ಕಚೇರಿಯ ಬೀಗದ ಕೈ ಮೇಜಿನ ಮೇಲಿಟ್ಟು ನದಿಗೆ ಬಂದ. ಒಂಬತ್ತನೆಯ ಮೆಟ್ಟಿಲಿಗೆ ಇಳಿದ. ಗುಂಡಿಯ ಅಂಚಿನಲ್ಲಿ ಕೂತು, ಕಾಲನ್ನು ಮಡುವಿನ ಕಡೆ ಇಳಿಬಿಟ್ಟು, ಎರಡೂ ತೋಳುಗಳನ್ನು ಅಗಲಿಸಿ ಹಿಡಿದ. ನೋಡುವವರಿಗೆ ಅಷ್ಟಗಲದ ಒಳ್ಳೆ ಮೆಟ್ಟಿಲ ನಟ್ಟನಡುವೆ ಕುಕ್ಕರಿಸಿದ ಒಬ್ಬ ದೊಡ್ಡ ಮನುಷ್ಯ, ಅಷ್ಟೇ.

'ಇದೇನ್ ಸ್ವಾಮಿ ಇಲ್ಲಿ ಕೂತ್ಬಿಟ್ರಿ?' ಎಂದು ಮೊದಲ ದಿನ ಜನ ನಕ್ಕು, ಬದಿಗೆ ಕಾಲಿಟ್ಟು ಇಳಿದರು. ಹದಿನೈದು ದಿನಕ್ಕೆ ನಗು ನಿಂತಿತು. ತಿಂಗಳಾಗುವಾಗ 'ಸ್ವಾಮಿ' ಹೋಗಿ 'ಏನಯ್ಯಾ' ಬಂತು. ಕೊಡ ಹೊತ್ತ ಹೆಂಗಸರು ಗೊಣಗಿದರು, ಬಟ್ಟೆಯ ಗಂಟು ಹೊತ್ತವರು ಬೇಕೆಂದೇ ಗಂಟು ತಗುಲಿಸಿಕೊಂಡು ಹೋದರು. ಬಿಸಿಲಿಗೆ ಅವನ ಬೆನ್ನು ಸುಲಿಯಿತು. ನೀರು ಏರಿದ ದಿನಗಳಲ್ಲಿ ಸೊಂಟದವರೆಗೆ ಮುಳುಗಿ ಕೂತ. ಯಾರೂ ನಡುವೆ ಕಾಲಿಡಲಿಲ್ಲ. ಯಾರೂ ಬೀಳಲಿಲ್ಲ. ಬೀಳಲಿಲ್ಲ ಎಂಬುದು ಯಾರಿಗೂ ಗೊತ್ತಾಗಲಿಲ್ಲ.

ಒಂದು ಬೆಳಿಗ್ಗೆ ಹರಿಗೋಲಿನವಳು ಹುಟ್ಟು ಹೆಗಲಿಗಿಟ್ಟುಕೊಂಡು, ಹಿಂದೆ ಹತ್ತು ಜನರನ್ನು ಕಟ್ಟಿಕೊಂಡು ಇಳಿದು ಬಂದಳು. ಹೊಳೆ ದಾಟುವ ಅವಸರ ಎಲ್ಲರಿಗೂ. ಅವಳ ತಾಳ್ಮೆ ಎಂದೋ ತೀರಿತ್ತು. ಹುಟ್ಟಿನ ತುದಿಯಿಂದ ಅವನ ಹೆಗಲನ್ನು ತಿವಿದಳು.

'ಏಳೋ ಮೇಲೆ! ದಿನಾ ದಿನಾ ಇದೇ ಆಯ್ತು ನಿಂದು. ನನ್ನ ತಂಗಿ ಸತ್ತ ಜಾಗ ಇದು, ಗೊತ್ತಾ? ಇಲ್ಲಿ ಬಂದು ಗೂಟ ಹೊಡ್ಕಂಡು ಕೂತಿದೀಯಲ್ಲ, ನಾಚಿಕೆ ಆಗಲ್ವಾ ನಿಂಗೆ?'

ಅವನು ಮುಖವೆತ್ತಿ ಅವಳನ್ನು ನೋಡಿದ.

'ಆಗುತ್ತೆ ತಾಯಿ' ಎಂದ. 'ಆಗುತ್ತೆ. ಬದಿಗೆ ಕಾಲಿಟ್ಟು ಇಳಿ.'